ಕಡಲ ಮದುಮಗಳ ಉಡುಪು

ನಮ್ಮ ಉಡುಪುಗಳ ಚಿತ್ರಕಾರ ಪ್ಲಾತೊನ್ ವೆರಿಗಿನ್ ಅವರ ಚಿತ್ರಗಳು ಬಂದ ದಿನ ನಮ್ಮ ತಂಡದಲ್ಲಿ ಯಾರೂ ಅಭ್ಯಾಸಕ್ಕೆ ಇಳಿಯಲಿಲ್ಲ. ದಕ್ಷಿಣ ಫ್ರಾನ್ಸಿನ ಕಡಲತಡಿಯ ಮೆಂತೋನ್ ಊರಿನಿಂದ ಅಂಚೆಯಲ್ಲಿ ಬಂದ ತಗಡಿನ ಕೊಳವೆಯನ್ನು ಸಾವ್ವಾ ಕಿರಿಲೊವಿಚ್ ಕೂಸಿನ ಹಾಗೆ ಎದೆಗವಚಿಕೊಂಡು ತಂಡದ ಉಡುಪು ಹೊಲಿಯುವವಳಾದ ನನ್ನ ಬಟ್ಟೆಕೋಣೆಗೆ ತಂದರು. ಅವರು ತಂಡದ ಯಜಮಾನರು, ನೃತ್ಯ ಕಟ್ಟುವವರೂ ಅವರೇ. ಪ್ಯಾರಿಸ್‌ನ ಕ್ಲಿಷಿ ಚೌಕದ ಹಿಂದೆ ಒಂದು ಕಾಲಕ್ಕೆ ಕುದುರೆಲಾಯವಾಗಿದ್ದ ಕಟ್ಟಡದಲ್ಲಿ ನಮ್ಮ ಬಿಡಾರ. ರಷ್ಯಾ ಬಿಟ್ಟ ಮೇಲೆ ಅದು ನಮ್ಮ ನಾಲ್ಕನೆಯ ಚಳಿಗಾಲ. ಒಲೆ ಇದ್ದದ್ದು ನನ್ನ ಕೋಣೆಯಲ್ಲಿ ಮಾತ್ರ, ಹಾಗಾಗಿ ಎಲ್ಲ ಸುದ್ದಿಯೂ ಮೊದಲು ಅಲ್ಲಿಗೇ ಬರುತ್ತಿತ್ತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆಗಳನ್ನು ಹರಡಿದೆವು. ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಹೊಸ ಬ್ಯಾಲೆಯ ಹೆಸರು ‘ಕಡಲ ಮದುಮಗಳು’. ಮೀನುಗಾರರ ಹಳ್ಳಿಯ ಹುಡುಗಿಯೊಬ್ಬಳು ಮದುವೆಯ ದಿನವೇ ಸಮುದ್ರಕ್ಕೆ ಇಳಿದು ಹೋಗುವ ಕಥೆ. ಹಳೆಯ ಕಾಲದ ಗರಿಗರಿಯಾಗಿ ಅರಳಿ ನಿಲ್ಲುವ ಲಂಗಗಳಾಗಲಿ, ಸೊಂಟ ಬಿಗಿಯುವ ಕವಚವಾಗಲಿ ಇದರಲ್ಲಿ ಇರಲಿಲ್ಲ. ಒರಟು ಬಟ್ಟೆ, ಕಡುಬಣ್ಣ, ಬರಿಗಾಲು.

ವೆರಿಗಿನ್ ಉಡುಪಿನ ಚಿತ್ರ ಬರೆದರೆ ಮುಖ ಬರೆಯುತ್ತಿರಲಿಲ್ಲ. ತಲೆ ಎಂದರೆ ಖಾಲಿ ಮೊಟ್ಟೆ. ಆದರೆ ಮೈ ಯಾರದು ಎಂದು ಹೇಳಬೇಕಾಗುತ್ತಿರಲಿಲ್ಲ. ಮದುಮಗಳ ಅಪ್ಪನ ಹಾಳೆ ಕಂಡ ತಕ್ಷಣ ಎಲ್ಲರೂ ನಕ್ಕರು. ದಪ್ಪ ಹೊಟ್ಟೆಯನ್ನು ಮುಂದೆ ಬಿಟ್ಟು, ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತವನು ನಮ್ಮ ಓಸಿಪ್ಪನೇ. ಓಸಿಪ್ ಕೂಡ ಹೊಟ್ಟೆ ತಟ್ಟಿಕೊಂಡು, “ಇಷ್ಟು ಅನ್ಯಾಯ ಮಾಡಬಾರದಿತ್ತು, ನಾನಿನ್ನೂ ಊಟಾನೇ ಮಾಡಿಲ್ಲ” ಅಂದ. ಬಲೆ ಎಳೆಯುವ ಹೆಂಗಸರಲ್ಲಿ ಒಬ್ಬೊಬ್ಬರೂ ತಂತಮ್ಮ ಭುಜ, ತಂತಮ್ಮ ಮೊಣಕಾಲು ಗುರುತಿಸಿಕೊಂಡರು.

ಕೊನೆಗೆ ತೆರೆದದ್ದು ಮದುಮಗಳ ಹಾಳೆ. ಬೆನ್ನು ತಿರುಗಿಸಿ ನಿಂತ ಹುಡುಗಿ. ಮೈಗೆ ಅಂಟಿದ ತೆಳು ನಿಲುವಂಗಿ, ಅದರ ಮೇಲೆ ಹಸಿರು ಅಲೆಗಳು. ಉದ್ದ ಕತ್ತು, ರೆಕ್ಕೆ ಮೊಳೆಯುವ ಹಾಗೆ ಎದ್ದುನಿಂತ ಹೆಗಲೆಲುಬುಗಳು, ಒಂದು ಪಾದದ ಮೇಲೆ ಇನ್ನೊಂದು ಪಾದ. ಜಡೆಯನ್ನು ಮುಂದಕ್ಕೆ ಎಳೆದು ಅದರ ತುದಿಯನ್ನು ಬಾಯಿಯ ಹತ್ತಿರ ಹಿಡಿದಿದ್ದಳು. ನಗು ನಿಂತಿತು. ಚೆನ್ನಾಗಿಲ್ಲ ಎಂದಲ್ಲ. ಅಷ್ಟು ಚೆಂದದ ಹಾಳೆಯನ್ನು ಅವರು ಅದಕ್ಕೆ ಮುಂಚೆ ಬರೆದಿರಲಿಲ್ಲ. ಆದರೆ ಮದುಮಗಳ ಪಾತ್ರ ರಯೀಸಾಳದು, ಮತ್ತು ಆ ಮೈ ರಯೀಸಾಳದಲ್ಲ.

ರಯೀಸಾ ಗ್ರಿಗೋರ್ಯೆವ್ನಾ ನಮ್ಮ ತಂಡದ ಮೊದಲ ನರ್ತಕಿ. ನನ್ನ ವಾರಿಗೆಯವಳು. ಪೀಟರ್ಸ್‌ಬರ್ಗಿನ ರಾಜನೃತ್ಯಶಾಲೆಯಲ್ಲಿ ಕಲಿತವಳು. ನಾನು ಅವಳನ್ನು ಮೊದಲು ನೋಡಿದ್ದು ಯುದ್ಧದ ಗದ್ದಲದಲ್ಲಿ, ಕೀವ್‌ನಲ್ಲಿ. ಆಮೇಲೆ ಹಡಗು, ಕಾನ್‌ಸ್ಟಾಂಟಿನೋಪಲ್, ಪ್ಯಾರಿಸ್ ಎಲ್ಲ ಒಟ್ಟಿಗೇ ದಾಟಿದ್ದೆವು. ಅವಳ ತೋಳುಗಳು ತುಂಬಿದ್ದವು, ಬೆನ್ನು ಅಗಲವಾಗಿತ್ತು. ರಂಗದ ಮೇಲೆ ಬಂದು ಸುಮ್ಮನೆ ನಿಂತರೂ ಹಿಂದಿನ ಸಾಲಿನವರು ಮಾತು ನಿಲ್ಲಿಸುತ್ತಿದ್ದರು. ಆ ಹಾಳೆಯನ್ನು ಅವಳು ತುಂಬ ಹೊತ್ತು ನೋಡಿದಳು. ಬಟ್ಟೆ ಯಾವುದು ಎಂದಷ್ಟೇ ನನ್ನನ್ನು ಕೇಳಿದಳು. ರೇಷ್ಮೆ ಎಂದೆ. ಶಾಲು ಎಳೆದುಕೊಂಡು ಹೊರಟುಹೋದಳು.

ಆಗ ಎಲ್ಲರ ಕಣ್ಣೂ ಒಂದೇ ಕಡೆ ಹೋದದ್ದನ್ನು ನಾನು ಕಂಡೆ. ಬಾಗಿಲ ಹತ್ತಿರ ತಾಸ್ಯಾ ನಿಂತಿದ್ದಳು. ತಂಡಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ, ಗುಂಪಿನಲ್ಲಿ ಹಿಂದೆ ಕುಣಿಯುತ್ತಿದ್ದ ಹುಡುಗಿ. ಉದ್ದ ಕತ್ತು, ಎಲುಬು ಎಣಿಸಬಹುದಾದ ಬೆನ್ನು.

ಮರುದಿನ ಬೆಳಗ್ಗೆ ಯಾರೂ ಬರುವ ಮುಂಚೆ ರಯೀಸಾ ಬಂದಳು. ಹಾಳೆ ತೆಗೆಯಲು ಹೇಳಿದಳು. ತೋಳನ್ನು ಬರಿದು ಮಾಡಿ ಚಿತ್ರದ ತೋಳಿನ ಪಕ್ಕ ಇಟ್ಟು ನೋಡಿದಳು.

“ನೀನೇ ಹೇಳು ಗಾಶಾ. ಇದು ನಾನಾ?”

ಅದು ಬರೀ ಬಟ್ಟೆಯ ಚಿತ್ರ ಅಂದೆ.

“ಓಸಿಪ್ಪನ ಹೊಟ್ಟೆ ಬರೆಯೋವಾಗ ಬಟ್ಟೆ ಚಿತ್ರ ಆಗಿರಲಿಲ್ವಲ್ಲ. ನನ್ನ ಹತ್ರ ಬಂದಾಗ ಮಾತ್ರ ಬಟ್ಟೆ ಚಿತ್ರ ಆಯ್ತಾ?”

ವೆರಿಗಿನ್ ಅವರಿಗೇ ಕಾಗದ ಬರೆದು ಕೇಳಿಬಿಡು ಎಂದು ನಾನು ಹೇಳಿದೆ. ಅವರು ಎದೆಯ ಕಾಯಿಲೆಯಿಂದ ಮೆಂತೋನಿನ ಆಸ್ಪತ್ರೆಯಲ್ಲಿದ್ದರು. ಕಾಯಿಲೆಯವರ ಹತ್ತಿರ ಪಾತ್ರಕ್ಕಾಗಿ ಅಂಗಲಾಚುವಷ್ಟು ತಾನಿನ್ನೂ ಇಳಿದಿಲ್ಲ ಎಂದು ರಯೀಸಾ ಮುಖ ತಿರುಗಿಸಿದಳು.

ಅಲ್ಲಿಂದ ಅವಳಿಗೆ ಎಲ್ಲದರಲ್ಲೂ ಏನೋ ಒಂದು ಕಾಣತೊಡಗಿತು. ಚಹಾದ ಹೊತ್ತಿನಲ್ಲಿ ಸಾವ್ವಾ ಕಿರಿಲೊವಿಚ್ ತಾಸ್ಯಾಳ ಲೋಟಕ್ಕೆ ತಾವೇ ಸಮೋವಾರ್ ಹಂಡೆಯ ನಲ್ಲಿ ತಿರುಗಿಸಿದರು. ಅಭ್ಯಾಸದಲ್ಲಿ ಅವಳನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದರು. ತನ್ನ ಜೊತೆ ಕುಣಿಯುವ ಗಂಡಸು ಯಾಕೋ ಕಣ್ಣು ತಪ್ಪಿಸುತ್ತಾನೆ. ಪಿಯಾನೋ ನುಡಿಸುವವನು ತನ್ನ ಲಯಕ್ಕೆ ಕಾಯುವುದಿಲ್ಲ. ಇವನ್ನೆಲ್ಲ ಅವಳು ದಿನವೂ ನನ್ನ ಒಲೆಯ ಮುಂದೆ ಕೂತು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ನಾನು ಒಂದೊಂದಕ್ಕೂ ಸಮಾಧಾನ ಹೇಳುತ್ತಿದ್ದೆ. ಹುಡುಗಿ ಗಿಡ್ಡವಳಲ್ಲವೇ, ಹಿಂದೆ ನಿಲ್ಲಿಸಿದರೆ ಕಾಣುವುದಿಲ್ಲ ಎಂದು ಮುಂದೆ ತಂದಿರಬೇಕು ಎನ್ನುತ್ತಿದ್ದೆ.

ಆದರೆ ಅನುಮಾನ ಒಬ್ಬರಲ್ಲೇ ನಿಲ್ಲುವ ವಸ್ತುವಲ್ಲ. ಮದುಮಗಳ ಉಡುಪನ್ನು ಕತ್ತರಿಸುವಾಗ ಸಾವ್ವಾ ಕಿರಿಲೊವಿಚ್ ಬಂದು, ಹೊಲಿಗೆಯ ಒಳಗೆ ಸ್ವಲ್ಪ ಹೆಚ್ಚು ಬಟ್ಟೆ ಬಿಡು ಎಂದರು. ಬೇಕಾದರೆ ಬಿಗಿ ಮಾಡಲು, ಸಡಿಲ ಮಾಡಲು ಇರಲಿ ಅಂದರು. ಎಂದೂ ಬಟ್ಟೆಯ ವಿಚಾರಕ್ಕೆ ಬಾಯಿ ಹಾಕದ ಮನುಷ್ಯ. ಬಿಗಿ ಮಾಡುವುದು ಯಾರಿಗಾಗಿ? ಆ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿತು, ಹೊರಗೆ ಹೋಗಲಿಲ್ಲ. ರಯೀಸಾಳಿಗೆ ನಾನು ಇದನ್ನು ಹೇಳಲಿಲ್ಲ. ಹೇಳದೆ ಇದ್ದದ್ದೇ ಅವಳಿಗೆ ನನ್ನ ಮುಖದಲ್ಲಿ ಕಂಡಿರಬೇಕು. ಆ ಸಂಜೆ ಅವಳು ನನ್ನನ್ನು ಒಂದು ತರಹ ನೋಡಿ, “ನಿಂಗೂ ಏನೋ ಗೊತ್ತಿದೆ” ಅಂದಳು. ಮಾರನೆಯ ದಿನದಿಂದ ಒಲೆಯ ಮುಂದೆ ಕೂರುವುದನ್ನು ಬಿಟ್ಟಳು.

ತನ್ನ ನೃತ್ಯದ ಬೂಟುಗಳನ್ನು ನನ್ನ ಕಪಾಟಿನಿಂದ ತೆಗೆದುಕೊಂಡು ಹೋಗಿ ಮನೆಯಲ್ಲಿಟ್ಟಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಗಂಜಿ ಉಣ್ಣುವಾಗ ಅವಳು ಎದುರಿನ ಕಾಫಿ ಅಂಗಡಿಯಲ್ಲಿ ಕಿಟಕಿಯ ಪಕ್ಕ ಕೂತು, ನಮ್ಮ ಬಾಗಿಲಿನಿಂದ ಯಾರು ಯಾರ ಜೊತೆ ಹೊರಗೆ ಬರುತ್ತಾರೆ ಎಂದು ನೋಡುತ್ತಿದ್ದಳು. ಗಾಜಿನ ಹಿಂದೆ ಅವಳ ಹ್ಯಾಟು ಕಾಣುತ್ತಿತ್ತು. ಅದನ್ನು ಕಂಡವರು ಬೀದಿಯಲ್ಲಿ ಇಬ್ಬರಿಬ್ಬರಾಗಿ ಹೋಗಲು ಹೆದರಿ ಒಬ್ಬೊಬ್ಬರೇ ಹೋಗುತ್ತಿದ್ದರು. ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಒಂದು ದಿನ ನಾನು ನೂಲು ತರಲು ಹೋಗಿದ್ದವಳು ಬೇಗ ಬಂದೆ. ಬಟ್ಟೆಕೋಣೆಯ ಬಾಗಿಲು ತೆರೆದಿತ್ತು. ಒಳಗೆ ತಾಸ್ಯಾ. ಮದುಮಗಳ ಹಾಳೆಯನ್ನು ಕನ್ನಡಿಗೆ ಒರಗಿಸಿ, ಅದಕ್ಕೆ ಬೆನ್ನು ತಿರುಗಿಸಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ಹಿಂತಿರುಗಿ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅಂತೂ ರಯೀಸಾ ಹೇಳಿದ್ದೇ ನಿಜ ಅಂದುಕೊಂಡೆ. ಯಾರು ನಿನಗೆ ಇದನ್ನು ಕಲಿಸಿಕೊಟ್ಟರು, ಸಾವ್ವಾ ಕಿರಿಲೊವಿಚ್ಚಾ, ಎಂದು ಸಿಡುಕಿದೆ.

ಹುಡುಗಿ ಬಿಳುಚಿಕೊಂಡಳು. “ಯಾರೂ ಇಲ್ಲ ಚಿಕ್ಕಮ್ಮ. ಎಲ್ರೂ ಇದು ನಾನೇ ಅಂತಾರೆ. ನಾನು ವೆರಿಗಿನ್ ಅವರನ್ನ ಕಣ್ಣಲ್ಲೇ ನೋಡಿಲ್ಲ. ನೋಡದೇ ಇರೋ ಮನುಷ್ಯ ನನ್ನ ಬೆನ್ನು ಹೆಂಗೆ ಬರೆದ ಅಂತ ನೋಡ್ತಿದ್ದೆ.”

ನಾನು ನಂಬಲಿಲ್ಲ. ಹಾಳೆಯನ್ನು ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವಳು ಹೋದ ಮೇಲೆ ಮಾತ್ರ, ಹೌದಲ್ಲ, ವೆರಿಗಿನ್ ಆಸ್ಪತ್ರೆ ಸೇರಿದ್ದು ಈ ಹುಡುಗಿ ನಮ್ಮಲ್ಲಿಗೆ ಬರುವ ಮುಂಚೆಯೇ ಅಲ್ಲವೇ ಎಂದು ಹೊಳೆಯಿತು. ಮರುಗಳಿಗೆಯೇ, ಸಾವ್ವಾ ಕಿರಿಲೊವಿಚ್ ಇವಳ ಫೋಟೋ ಕಳಿಸಿರಬಹುದು ಎಂದೂ ಹೊಳೆಯಿತು. ಒಂದು ಸಲ ಆ ದಾರಿ ಹಿಡಿದ ಬುದ್ಧಿಗೆ ನೆಪಗಳು ಸಿಗುತ್ತಲೇ ಇರುತ್ತವೆ.

ಇದೆಲ್ಲ ಒಡೆದದ್ದು ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ. ಮದುಮಗಳು ಮನೆಯ ಹೊಸ್ತಿಲು ದಾಟಿ ಬರುವ ಭಾಗವನ್ನು ಅಂದು ಮಾಡುತ್ತಿದ್ದರು. ಸಾವ್ವಾ ಕಿರಿಲೊವಿಚ್ ರಯೀಸಾಳನ್ನು ನಿಲ್ಲಿಸಿ, ಹೆಜ್ಜೆ ಇನ್ನೂ ಹಗುರವಾಗಿರಲಿ, ಹುಡುಗಿ ಅಲ್ಲವೇ ಎಂದರು. ಮಾಮೂಲು ಮಾತು. ರಯೀಸಾ ಕೋಣೆಯ ನಡುವೆ ನಿಂತೇಬಿಟ್ಟಳು.

“ಸಾವ್ವಾ ಕಿರಿಲೊವಿಚ್, ಎಲ್ರ ಮುಂದೇನೇ ಕೇಳ್ತೀನಿ. ಆ ಹಾಳೆಯಲ್ಲಿ ಇರೋದು ಯಾರು?”

ಅವರು ತಬ್ಬಿಬ್ಬಾದರು. ಯಾವ ಹಾಳೆ ಎಂದು ಕೇಳಿದರು. ಆ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಸುಳ್ಳು ಹೇಳುವವನ ಮುಖವಲ್ಲ ಅದು. ಇಷ್ಟು ದಿನ ಸುತ್ತ ಏನು ನಡೆಯುತ್ತಿತ್ತೆಂದು ಏನೇನೂ ತಿಳಿಯದವನ ಮುಖ. ಆದರೆ ರಯೀಸಾಳಿಗೆ ಅದು ನಾಟಕವಾಗಿ ಕಂಡಿತು.

“ಕದ್ದುಮುಚ್ಚಿ ಯಾಕೆ? ಅವಳೇ ಮಾಡ್ಲಿ. ತಾಸ್ಯಾ, ಬಾ ಇಲ್ಲಿ. ಬಾ ಅಂದೆ. ಹೊಸ್ತಿಲು ದಾಟಿ ತೋರಿಸು. ಹಗುರ ಅಂದ್ರೆ ಹೆಂಗಿರುತ್ತೆ ಅಂತ ನಾನೂ ಕಲೀತೀನಿ.”

ತಾಸ್ಯಾ ಅಲ್ಲಾಡಲಿಲ್ಲ. ರಯೀಸಾ ಹೋಗಿ ಕೈಹಿಡಿದು ಎಳೆದುಕೊಂಡು ಬಂದು ತನ್ನ ಜಾಗದಲ್ಲಿ ನಿಲ್ಲಿಸಿ, ಪಿಯಾನೋದವನಿಗೆ ಕಣ್ಸನ್ನೆ ಮಾಡಿದಳು. ಅವನು ಯಜಮಾನರತ್ತ ನೋಡಿದ. ಯಜಮಾನರು ತಡೆಯಲಿಲ್ಲ. ಅವನು ನುಡಿಸಿದ.

ಹುಡುಗಿ ಅಳುತ್ತಲೇ ಶುರುಮಾಡಿದಳು. ಅಳು ಮರೆಮಾಡಲೆಂದೋ ಏನೋ ತಲೆ ಹಿಂದಕ್ಕೆ ಬಾಗಿಸಿದಳು, ಹೊಸ್ತಿಲಿಲ್ಲದ ಜಾಗದಲ್ಲಿ ಹೊಸ್ತಿಲಿದೆ ಎಂಬಂತೆ ಕಾಲೆತ್ತಿದಳು. ಅವಮಾನದಲ್ಲಿ ಅವಳ ಬೆನ್ನು ನಡುಗುತ್ತಿತ್ತು, ಮನೆ ಬಿಟ್ಟು ನೀರಿಗೆ ಹೊರಟ ಹುಡುಗಿಯ ಬೆನ್ನಿನ ಹಾಗೆಯೇ. ಗುಂಪಿನಲ್ಲಿ ಅವಳು ಎಲ್ಲವನ್ನೂ ನೋಡಿ ನೋಡಿ ಕಲಿತಿದ್ದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ.

ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ಸಾವ್ವಾ ಕಿರಿಲೊವಿಚ್ಚರನ್ನು. ಮೊದಲು ಸಿಟ್ಟಿನಿಂದ ಕೈಕಟ್ಟಿ ನಿಂತಿದ್ದರು. ಆಮೇಲೆ ಕೈ ಬಿಚ್ಚಿದರು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿದರು. ಅಲ್ಲಿಯವರೆಗೆ ಎಲ್ಲೂ ಇಲ್ಲದ ಯೋಚನೆಯೊಂದು ಆ ಗಳಿಗೆಯಲ್ಲಿ ಅವರ ತಲೆಯೊಳಗೆ ಹುಟ್ಟಿತು. ರಯೀಸಾಳೂ ಅದನ್ನು ಕಂಡಳು. ತಾನೇ ಅದನ್ನು ಹುಟ್ಟಿಸಿದೆ ಎಂದು ಅವಳಿಗೆ ಅನಿಸಲಿಲ್ಲ. “ನೋಡಿದ್ಯಾ” ಎನ್ನುವ ಹಾಗೆ ನನ್ನ ಕಡೆ ತಿರುಗಿದಳು.

ಆಮೇಲೆ ಯಜಮಾನರು ಏನೂ ಆಗಿಲ್ಲವೆಂಬಂತೆ ಅಭ್ಯಾಸ ಮುಂದುವರಿಸಿದರು. ಪಾತ್ರ ರಯೀಸಾಳಲ್ಲೇ ಉಳಿಯಿತು. ಆದರೆ ತಾಸ್ಯಾಳಿಗೆ, ಸುಮ್ಮನೆ ಇರಲಿ, ನೀನೂ ಇದನ್ನು ಕಲಿತಿಟ್ಟುಕೋ ಎಂದರು.

ಈಸ್ಟರ್ ಕಳೆದು ವೆರಿಗಿನ್ ಪ್ಯಾರಿಸ್‌ಗೆ ಬಂದರು. ಉಡುಪುಗಳನ್ನು ಮೈಮೇಲೆ ನೋಡದೆ ಬಿಡುವುದಿಲ್ಲ ಎಂದು ವೈದ್ಯರ ಜೊತೆ ಜಗಳವಾಡಿ ಬಂದಿದ್ದರಂತೆ. ಕೋಟು ಹ್ಯಾಂಗರಿಗೆ ಸಿಕ್ಕಿಸಿದ ಹಾಗೆ ಮೈಮೇಲೆ ತೂಗುತ್ತಿತ್ತು. ನನ್ನ ಒಲೆಯ ಮುಂದೆ ಕೂರಿಸಿ, ಜಾಮ್ ಹಾಕಿದ ಚಹಾ ಕೊಟ್ಟೆ. ಎರಡು ಗುಟುಕು ಕುಡಿಯಲು ಬಿಟ್ಟು, ಮದುಮಗಳಿಗೆ ಯಾರನ್ನು ಇಟ್ಟುಕೊಂಡು ಬರೆದಿರಿ ಎಂದು ನೇರವಾಗಿ ಕೇಳಿಬಿಟ್ಟೆ.

“ಯಾರು ಅಂದ್ರೆ? ರಾಯಾನೇ ಕಣೆ,” ಅಂದರು. ರಯೀಸಾಳನ್ನು ಅವರು ಹಾಗೇ ಕರೆಯುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದರು.

ನಡೆದದ್ದೆಲ್ಲ ಹೇಳಿದೆ. ಅವರ ಲೋಟ ಕೈಯಲ್ಲೇ ಉಳಿಯಿತು. ರಯೀಸಾ ಶಾಲೆಯಲ್ಲಿ ಕಲಿಯುತ್ತಿದ್ದಾಗ ತಾನು ಅಲ್ಲಿನ ರಾಜರಂಗಮಂದಿರದಲ್ಲಿ ಪರದೆಗೆ ಬಣ್ಣ ಹಚ್ಚುವ ಹುಡುಗ ಎಂದರು. ಶಾಲೆಯ ಹುಡುಗಿಯರನ್ನು ಪುಟ್ಟ ಪುಟ್ಟ ಪಾತ್ರಗಳಿಗೆ ಕರೆತರುತ್ತಿದ್ದರಂತೆ. ಅವರಲ್ಲೊಬ್ಬಳು ಪರದೆಯ ಮರೆಯಲ್ಲಿ ತನ್ನ ಸರದಿಗೆ ಕಾಯುತ್ತ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಂತಿರುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಮಲಗಿ ಕಡಲು ನೋಡುತ್ತ ಮದುಮಗಳನ್ನು ಯೋಚಿಸಿದಾಗ ಬೇರೆ ಯಾರೂ ಕಣ್ಣ ಮುಂದೆ ಬರಲಿಲ್ಲವಂತೆ.

ಅಷ್ಟರಲ್ಲಿ ರಯೀಸಾ ಉಡುಪು ಹಾಕಿ ನೋಡಲು ಬಂದಳು. ವೆರಿಗಿನ್‌ರನ್ನು ಕಂಡು ತಲೆ ಬಾಗಿಸಿದಳು. ನಾನು ಪರದೆಯ ಹಿಂದೆ ಉಡುಪು ತೊಡಿಸಿ ಹೊರಗೆ ಕರೆತಂದೆ. ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿದ್ದರೂ ಬೆನ್ನಿನಲ್ಲಿ ಬಿಗಿಯಾಗಿತ್ತು. ಸಾವ್ವಾ ಕಿರಿಲೊವಿಚ್ ಹೆಚ್ಚು ಬಟ್ಟೆ ಬಿಡಲು ಹೇಳಿದ್ದು ಇವಳಿಗಾಗಿಯೇ ಎಂದು ನನಗೆ ಆಗ ತಿಳಿಯಿತು.

ವೆರಿಗಿನ್ ಎದ್ದುನಿಂತರು. “ರಾಯಾ, ಆ ಹಾಳೆಯಲ್ಲಿ ಇರೋಳು ನೀನು.”

“ಈ ಮಾತು ಸಾವ್ವಾ ಹೇಳಿಕೊಟ್ರಾ? ಇಲ್ಲ ಗಾಶಾನಾ?” ರಯೀಸಾ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಚೆನ್ನಾಗಿ ಯೋಚನೆ ಮಾಡಿದಾರೆ. ಮುದುಕಿಗೆ ಸಮಾಧಾನ ಆಗ್ಲಿ ಅಂತ.”

“ನೀನು ಜಡೆ ತುದಿ ಕಚ್ತಿದ್ದೆ. ನಿಮ್ಮ ಮೇಷ್ಟ್ರಮ್ಮ ಆ ಚಟ ಬಿಡಿಸೋಕೆ ಜಡೆಗೆ ಸಾಸಿವೆ ಮೆತ್ತಿ ಕಳಿಸಿದ್ರು. ನೀನು ಬಾಯಿ ಸುಟ್ಕೊಂಡು ನನ್ನ ಬಣ್ಣದ ಬಕೆಟ್ಟಿನ ನೀರು ಕುಡಿದೆ. ನಾಲಿಗೆಯೆಲ್ಲ ನೀಲಿ ಆಗಿತ್ತು. ಹಂಗೇ ರಂಗದ ಮೇಲೆ ಹೋದೆ.”

ರಯೀಸಾ ನಿಧಾನವಾಗಿ ತಿರುಗಿದಳು. ಅವರ ಮುಖವನ್ನು, ಆಮೇಲೆ ನನ್ನ ಮುಖವನ್ನು ಹುಡುಕಿದಳು. ಈ ಕಥೆ ನನಗೆ ಗೊತ್ತಿರಲು ಸಾಧ್ಯವಿಲ್ಲ. ಸಾವ್ವಾ ಕಿರಿಲೊವಿಚ್ಚರಿಗೂ ಸಾಧ್ಯವಿಲ್ಲ. ಹಾಳೆ ಕೇಳಿದಳು, ತಂದುಕೊಟ್ಟೆ. ಅದನ್ನು ಹಿಡಿದು ಬಟ್ಟೆಗಳ ರಾಶಿಯ ಮೇಲೆ ಹಾಗೆಯೇ ಕೂತಳು. ಪಕ್ಕೆಯ ಗುಂಡುಪಿನ್ನುಗಳು ಚುಚ್ಚುತ್ತಿದ್ದಿರಬೇಕು, ಅವಳಿಗೆ ಅದರ ಪರಿವೆ ಇರಲಿಲ್ಲ.

“ಹಂಗಾದ್ರೆ ಇನ್ನೂ ಕೆಟ್ಟದಾಯ್ತಲ್ಲ ಪ್ಲಾತೊನ್,” ಅಂದಳು. “ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡಬಹುದಿತ್ತು.”

ವೆರಿಗಿನ್‌ರಿಗೆ ಕೆಮ್ಮು ಬಂತು, ಅದೇ ನೆಪವಾಗಿ ಮುಖ ತಿರುಗಿಸಿದರು. ಕೆಮ್ಮು ನಿಲ್ಲುವವರೆಗೆ ರಯೀಸಾ ಕಾದಳು. ಆಮೇಲೆ ಎದ್ದು ಉಡುಪನ್ನು ತಲೆಯ ಮೇಲಿಂದ ಎಳೆದು ತೆಗೆದು ನನ್ನ ಕೈಗೆ ಕೊಟ್ಟಳು. ಒಳಂಗಿಯಲ್ಲೇ, ಮೇಲೊಂದು ಶಾಲು ಹೊದ್ದು ಕಿಟಕಿಯ ಬೆಳಕಿಗೆ ಹೋಗಿ ನಿಂತಳು.

“ಬರಿ. ಈಗಿರೋಳನ್ನ ಬರಿ. ನೆನಪಲ್ಲಿರೋಳನ್ನ ಅಲ್ಲ.”

ವೆರಿಗಿನ್ ಮಧ್ಯಾಹ್ನವೆಲ್ಲ ಬರೆದರು. ಹೊಸ ಹಾಳೆಯ ಮದುಮಗಳು ಹುಡುಗಿಯಲ್ಲ. ಕಾದು ಕಾದು ಮದುವೆಯ ದಿನ ಬಂದಾಗ ಕಾಯುವುದೇ ರೂಢಿಯಾಗಿಹೋದ ಹೆಂಗಸು. ದಪ್ಪ ಉಣ್ಣೆಯ ಕಡುನೀಲಿ ಉಡುಪು, ಅಗಲ ಪಟ್ಟಿ, ಎರಡೂ ಕಾಲು ನೆಲಕ್ಕೆ ಊರಿದ ನಿಲುವು. ಮುಖದ ಜಾಗ ಮಾತ್ರ ಎಂದಿನಂತೆ ಖಾಲಿ. ಸಾವ್ವಾ ಕಿರಿಲೊವಿಚ್ ಅದನ್ನು ನೋಡಿ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಹೊಸ್ತಿಲಿನ ಭಾಗವನ್ನು ಪೂರ್ತಿ ಕಿತ್ತುಹಾಕಿ ಬೇರೆ ಕಟ್ಟಿದರು. ಆಗಲೇ ರಯೀಸಾಳನ್ನು ಕೂರಿಸಿಕೊಂಡು, ತಾಸ್ಯಾಳಿಗೂ ಕೆಲವು ಪ್ರದರ್ಶನ ಕೊಡಬೇಕೆಂದಿದ್ದೇನೆ, ಹಳೆಯ ಹಾಳೆಯ ಉಡುಪಿನಲ್ಲಿ, ಎಂದು ಹೇಳಿದರಂತೆ. ಈ ಯೋಚನೆ ನಿಮಗೆ ಯಾವತ್ತು ಬಂತು ಎಂದು ಅವಳು ಕೇಳಿದಳಂತೆ. ನೀವು ಅವಳ ಕೈಹಿಡಿದು ಎಳೆದು ತಂದ ದಿನ ಎಂದರಂತೆ ಅವರು. ಇದನ್ನು ಅವಳೇ ನನಗೆ ಹೇಳಿದ್ದು. ಹೇಳಿ ನಕ್ಕಳು. ಚೆಂದದ ನಗುವಾಗಿರಲಿಲ್ಲ.

ಜೂನ್‌ನಲ್ಲಿ ರಯೀಸಾ ಮೊದಲ ಪ್ರದರ್ಶನ ಕೊಟ್ಟಳು. ಪತ್ರಿಕೆಗಳಲ್ಲಿ ಕೆಲವರು ಹೊಗಳಿದರು, ಕೆಲವರು ಈ ಮದುಮಗಳಿಗೆ ಬಹಳ ತೂಕ ಎಂದು ಬರೆದರು. ಆದರೆ ಅವಳು ನೀರಿಗೆ ಇಳಿಯುವ ಹೊತ್ತಿಗೆ ರಂಗಮಂದಿರದಲ್ಲಿ ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ವೆರಿಗಿನ್ ಅದನ್ನು ನೋಡಿ ದಕ್ಷಿಣಕ್ಕೆ ವಾಪಸು ಹೋದರು. ಮತ್ತೆ ಅವರಿಂದ ಚಿತ್ರಗಳು ಬರಲಿಲ್ಲ. ಶರತ್ಕಾಲಕ್ಕೆ ಅವರು ತೀರಿಹೋದ ಸುದ್ದಿ ಬಂತು.

ಬೂಟುಗಳು ನನ್ನ ಕಪಾಟಿಗೆ ಮರಳಿದವು. ರಯೀಸಾ ಮತ್ತೆ ಒಲೆಯ ಮುಂದೆ ಕೂರತೊಡಗಿದಳು. ಆದರೆ ನಾನು ಯಾರೊಡನೆಯಾದರೂ ದನಿ ತಗ್ಗಿಸಿ ಮಾತಾಡಿದರೆ ತಲೆಯೆತ್ತುವುದು ಬಿಡಲಿಲ್ಲ.

ತಾಸ್ಯಾ ಮೊದಲ ಸಲ ಮದುಮಗಳಾದದ್ದು ಒಂದು ಭಾನುವಾರದ ಮಧ್ಯಾಹ್ನದ ಆಟದಲ್ಲಿ. ಚೆನ್ನಾಗಿಯೇ ಮಾಡಿದಳು. ಮುಗಿಸಿ ಒಳಗೆ ಬಂದಾಗ ರಂಗದ ಹಿಂದಿನ ಓಣಿಯಲ್ಲಿ ರಯೀಸಾ ಗೋಡೆಗೊರಗಿ ನಿಂತಿದ್ದಳು. ಹುಡುಗಿ ಅಲ್ಲೇ ನಿಂತುಬಿಟ್ಟಳು. ನಾನು ಅವಳ ಮೈಮೇಲೆ ಶಾಲು ಹೊದಿಸುತ್ತಿದ್ದೆ, ಉಸಿರು ಬಿಗಿಹಿಡಿದದ್ದು ನನ್ನ ಕೈಗೆ ತಿಳಿಯಿತು. ಎಡಗಾಲು ಊರುವಾಗ ಹಿಮ್ಮಡಿ ಸದ್ದು ಮಾಡುತ್ತೆ, ನಾಳೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಾ, ಸರಿಮಾಡುತ್ತೇನೆ ಎಂದು ರಯೀಸಾ ಹೇಳಿದಳು. ಅಷ್ಟೇ ಹೇಳಿ ಹೋದಳು.

ತಾಸ್ಯಾ ಅವಳು ಹೋದ ದಿಕ್ಕನ್ನೇ ನೋಡುತ್ತಿದ್ದಳು.

“ಇದ್ರಲ್ಲಿ ಏನಾದ್ರೂ ಮಸಲತ್ತು ಇದೆಯಾ ಚಿಕ್ಕಮ್ಮ? ನಿಜ ಹೇಳಿ.”

ನನಗೆ ಗೊತ್ತಿಲ್ಲ ಎಂದೆ. ಹೋಗಿ ನೋಡು ಎಂದೆ. ಮರುದಿನ ಬೆಳಗ್ಗೆ ನಾನು ಒಲೆ ಹಚ್ಚಲು ಬಂದಾಗ ಅಭ್ಯಾಸದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ರಯೀಸಾ ಕೋಲಿನಿಂದ ನೆಲಕ್ಕೆ ಬಡಿಯುತ್ತ ಲಯ ಹಾಕುತ್ತಿದ್ದಳು, ಹುಡುಗಿಯ ಕಾಲು ಮತ್ತೆ ಮತ್ತೆ ನೆಲಕ್ಕೆ ಇಳಿಯುತ್ತಿತ್ತು.